ಅತ್ತೆಯ ಪಾಲಿನ ಕರೆಂಟು

ಇವತ್ತು ಸಂಜೆ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಬಚ್ಚಲುಮನೆಯ ಮುಂದೆ ಹಾದುಹೋದ ನಾನು ಹೊರಗಿನ ಸ್ವಿಚ್ಚನ್ನು ಟಪ್ಪೆಂದು ಒತ್ತಿ ದೀಪ ಆರಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಒಳಗಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅದರಲ್ಲಿ ಅರ್ಧ ನನಗೆ, ಇನ್ನರ್ಧ ನನಗೆ ಈ ಚಟ ಕಲಿಸಿದ ಅತ್ತೆಗೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕೊಡ್ಲಿಪೇಟೆಯ ನಮ್ಮ ಮನೆಯಲ್ಲಿ ಅವರ ಆಳ್ವಿಕೆ ಇದ್ದಷ್ಟು ಕಾಲ ಒಂದು ಹೊತ್ತಿಗೆ ಒಂದೇ ದೀಪ. ಅವರು ಅಡುಗೆಮನೆಗೆ ಹೋದರೆ ನಡುಮನೆ ಕತ್ತಲು. ನೆಂಟರು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿರುವಾಗಲೇ ದೀಪ ಆರಿರುತ್ತಿತ್ತು. ಒಮ್ಮೆ ದೊಡ್ಡಪ್ಪ ಒಂದು ಕಾಲಿಗೆ ತಮ್ಮದು, ಇನ್ನೊಂದಕ್ಕೆ ನನ್ನದು ಮೆಟ್ಟಿಕೊಂಡು ಶನಿವಾರಸಂತೆಯವರೆಗೆ ಹೋಗಿಬಂದಿದ್ದರು. ಹಾಗೆಂದು ಅತ್ತೆ ಜಿಪುಣರಲ್ಲ. ಬಂದವರಿಗೆಲ್ಲ ಹೊಟ್ಟೆ ಬಿರಿಯುವಷ್ಟು ಬಡಿಸುತ್ತಿದ್ದರು. ಉಂಡವರಾದರೂ ನೆನೆಯುತ್ತಾರೆ, ಖಾಲಿ ಕೋಣೆಗೆ ಬೆಳಕು ಕೊಟ್ಟರೆ ಯಾರು ನೆನೆಯುತ್ತಾರೆ ಎಂಬುದು ಅವರ ವಾದ.

ನಾನು ತಂದುಕೊಟ್ಟ ಗೀಸರ್ ಕೂಡ ಡಬ್ಬ ಒಡೆಯದೆ ಅಟ್ಟ ಸೇರಿತ್ತು. ಸ್ನಾನದ ನೀರಿಗೆ ಹಂಡೆಯೇ ಆಗಬೇಕು. ಮಳೆಗಾಲದಲ್ಲಿ ಕಾಫಿ ಗಿಡದ ಹಸಿ ಸೌದೆ ಊದಿ ಊದಿ ಅತ್ತೆ ಕೆಮ್ಮುವುದನ್ನು ಕೇಳಿದರೆ ಭಯವಾಗುತ್ತಿತ್ತು. ಇನ್ನು ಹೊಗೆ ಕೂಡದು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಷ್ಟರಲ್ಲಿ ಸರ್ಕಾರ ಮನೆಮನೆಗೆ ಕರೆಂಟು ಪುಕ್ಕಟೆ ಎಂದಿತು. ಅತ್ತೆ ತಾವೇ ಏಣಿ ತಂದು, ಗೀಸರ್ ಇಳಿಸು ಎಂದರು.

ಇಳಿಸಿ ಗೋಡೆಗೆ ಹಾಕಿಸಿದ್ದೂ ಆಯಿತು. ಆಗ ಮೀಟರ್ ನೋಡಲು ಬಂದವನು ವಿಷಯ ಬಿಡಿಸಿ ಹೇಳಿದ. ಹೋದ ವರ್ಷ ಯಾರು ಎಷ್ಟು ಉರಿಸಿದ್ದಾರೋ ಅದರ ಸರಾಸರಿ, ಮೇಲೊಂದಿಷ್ಟು, ಅಷ್ಟೇ ಪುಕ್ಕಟೆ. ದಾಟಿದ್ದಕ್ಕೆ ಬಿಲ್ಲು. ನಮ್ಮ ಪಾಲು ಗೀಸರ್ ಬೆಚ್ಚಗಾಗುವುದಕ್ಕೂ ಸಾಲದು. ಪಕ್ಕದ ಮನೆಯ ಸೋಮಣ್ಣ, ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಅವರ ಗೇಟಿನ ದೀಪಕ್ಕೆ ಹಗಲು ರಾತ್ರಿಯ ವ್ಯತ್ಯಾಸವೇ ಇರಲಿಲ್ಲ. ಅವರಿಗೆ ಸಿಕ್ಕ ಪಾಲು ನಮ್ಮದರ ಎಷ್ಟೋ ಪಟ್ಟು.

"ಉಳಿಸಿದ ನಂಗೆ ಚಿಟಿಕೆ, ಸುಟ್ಟ ಸೋಮಣ್ಣಂಗೆ ಸೇರು. ಇದ್ಯಾವ ಸೀಮೆ ನ್ಯಾಯನಪ್ಪ?" ಎಂದರು ಅತ್ತೆ.

"ನಾನೇನ್ ಮಾಡ್ಲಿ ಅಜ್ಜಿ, ಹೋದ ವರ್ಷ ನೀವು ಸ್ವಲ್ಪ ಜಾಸ್ತಿ ಉರಿಸ್ಬೇಕಿತ್ತು" ಎಂದು ಅವನು ಕಾಫಿ ಕುಡಿದು ಹೋದ.

ಬಿಲ್ಲು ನಾನು ಕಟ್ಟುತ್ತೇನೆ ಎಂದೆ. ಬೀದಿಗೆಲ್ಲ ಸೊನ್ನೆ ಬಿಲ್ಲು ಬರುವಾಗ ನಮಗೊಬ್ಬರಿಗೆ ದುಡ್ಡಿನ ಬಿಲ್ಲು ಬಂದರೆ ಮರ್ಯಾದೆ ಏನಾಗಬೇಕು ಎಂದು ಬಾಯಿ ಮುಚ್ಚಿಸಿದರು. ಮರುದಿನ ಶನಿವಾರ. ಸಂಜೆ ತಲೆಗೆ ಎಣ್ಣೆ ಇಟ್ಟುಕೊಂಡು, ಟವೆಲು, ಸೀಗೆಪುಡಿ ಡಬ್ಬಿ ಹಿಡಿದು ನೆಟ್ಟಗೆ ಸೋಮಣ್ಣನ ಮನೆಗೆ ಹೋದರು.

"ಇಷ್ಟು ವರ್ಷ ನಾನು ಉಳಿಸಿದ್ದೆಲ್ಲ ನಿನ್ ಮೀಟರಿಗೆ ಬಂದು ಸೇರಿದೆ ಸೋಮಣ್ಣ. ಅದ್ರಲ್ಲೇ ಎರಡು ಬಕೆಟ್ ನೀರು ಕಾಯ್ಸು."

ಎಸ್ಟೇಟಿನ ಆಳುಗಳ ಲೈನ್ ಮನೆಗಳ ಎಲ್ಲ ಜಗಳ ತೀರಿಸಿದ್ದ ರೈಟರು ಎದ್ದು ಹೋಗಿ ಗೀಸರ್ ಹಾಕಿ ನೀರು ಕಾಯಿಸಿದರು. ಆಮೇಲೆ ಪ್ರತಿ ಶನಿವಾರವೂ ಕಾಯಿಸಿದರು. ಅತ್ತೆಯ ಕೆಮ್ಮು ತಗ್ಗಿತು. ಆದರೆ ಸ್ನಾನ ಮುಗಿಸಿ ಬರುವಾಗ ಅವರು ಆ ಮನೆಯ ದೀಪಗಳನ್ನೆಲ್ಲ ಆರಿಸಿಯೇ ಬರುತ್ತಿದ್ದರು. ಜನ ನೋಡುತ್ತಿದ್ದ ಟಿವಿಯನ್ನೂ ಬಿಡುತ್ತಿರಲಿಲ್ಲ. ಸೋಮಣ್ಣನ ಹೆಂಡತಿ ಕುಕ್ಕರ್ ಸೀಟಿ ಎಣಿಸುತ್ತ ಕತ್ತಲಲ್ಲಿ ನಿಂತಿರುತ್ತಿದ್ದರಂತೆ.

ಅತ್ತೆ ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಇವತ್ತೂ ಶನಿವಾರ. ಹೆಂಡತಿ ಇನ್ನೂ ಗೊಣಗುತ್ತಿರುವಾಗಲೇ ಸೋಮಣ್ಣ ಬಂದರು. ಕಾಫಿ ಬೆಲೆ, ಮೊಣಕಾಲು ನೋವು ಎಲ್ಲ ಮಾತಾಡಿ, ಕೊನೆಗೆ ಲೋಟ ಕೆಳಗಿಟ್ಟು, "ಗೀಸರ್ ಹಾಕ್ಬಿಟ್ಟಿದ್ದೆ ಮಾರಾಯ. ಆಮೇಲೆ ನೆನಪಾಯ್ತು, ಯಾರೂ ಬರೋರಿಲ್ಲ ಅಂತ" ಎಂದರು.

ಅವರನ್ನು ಕಳಿಸಲು ಇಬ್ಬರೂ ಜಗಲಿಗೆ ಬಂದೆವು. ಸೋಮಣ್ಣ ಮೆಟ್ಟಿಲಿಳಿಯುವ ಮುನ್ನ ಕೈಚಾಚಿ ನಮ್ಮ ಜಗಲಿಯ ದೀಪ ಆರಿಸಿ ಹೊರಟೇಹೋದರು. ನಾವಿನ್ನೂ ಅಲ್ಲೇ ನಿಂತಿದ್ದೇವೆ ಎಂಬುದು ಅವರ ಗಮನಕ್ಕೇ ಬರಲಿಲ್ಲ.

ಹೆಂಡತಿ ಬೈಯಲಿಲ್ಲ. ದೀಪವನ್ನೂ ಹಾಕಲಿಲ್ಲ.