ನೀರು ಬಿಟ್ಟ ನೆಲ

ಗಾಳಿಯಲ್ಲಿ ತೇವ ಬಂದ ದಿನ ನಮ್ಮ ಮನೆಯ ಸಜ್ಜದ ಮೇಲಿರುವ ಹಳೆಯ ಟಾರ್ಪಾಲು ಬೆವರುತ್ತದೆ. ಅದರ ಮೇಲೆ ಒಂದು ಹನಿ ನೀರೂ ಬಿದ್ದಿರುವುದಿಲ್ಲ. ಹೊಳಲ್ಕೆರೆಯ ಈ ಮನೆಗೆ ಗಟ್ಟಿ ತಾರಸಿ ಇದೆ, ಎಲ್ಲೂ ಸೋರುವುದಿಲ್ಲ. ಆದರೂ ಮೋಡ ಕವಿದರೆ ಸಾಕು, ಅದರ ಮಡಿಕೆ ಮಡಿಕೆಯೂ ಒದ್ದೆಯಾಗಿ ಬೆರಳಿಗೆ ಅಂಟುತ್ತದೆ. ಆಗ ಒಂದು ವಾಸನೆ ಸಜ್ಜದಿಂದ ಇಳಿದು ಬಂದು ಹಜಾರದಲ್ಲಿ ಕೂರುತ್ತದೆ. ಮೇಣದ್ದು, ಡೀಸೆಲ್ಲಿನದು, ಅದಿರಿನ ಕೆಂಪು ಧೂಳಿನದು, ಎಲ್ಲದರ ಅಡಿಯಲ್ಲಿ ಹಸಿ ಉಪ್ಪಿನದು. ಮೊನ್ನೆ ಮಹಾನವಮಿ ಮುಗಿದ ಮೇಲೆ ನನ್ನ ಮಗ ಅದನ್ನು ಕೆಳಗೆ ಎಳೆದು ಹಾಕಿ, ಮೂಗು ಮುಚ್ಚಿಕೊಂಡು ನಿಂತಿದ್ದ. ಅವನೂ ಅವನ ಕಾಲೇಜಿನ ಗೆಳೆಯರೂ ದೀಪಾವಳಿ ರಜೆಗೆ ಸಮುದ್ರದ ದಂಡೆಗೆ ಹೋಗಿ, ಟೆಂಟು ಹಾಕಿ, ಗಾಳದಲ್ಲಿ ಮೀನು ಹಿಡಿಯುವ ಏರ್ಪಾಟಿನಲ್ಲಿದ್ದಾರೆ. "ಅಮ್ಮಾ, ಟೆಂಟಿನ ಕೆಳಗೆ ಹಾಸೋಕೆ ಇದನ್ನ ತಗೊಂಡು ಹೋಗ್ಲಾ?" ಎಂದು ಕೇಳಿದ. ಆ ವಾಸನೆಯಲ್ಲಿ ಒಂದು ಮನೆ ಇತ್ತು. ನಿಮ್ಮ ಸಜ್ಜದ ಮೇಲೂ ಎಸೆಯಲಾಗದ ಇಂಥದೊಂದು ಗಂಟು ಇರಬಹುದು.

ನಮ್ಮ ಮನೆ ಇದ್ದದ್ದು ಹಿರಿಯೂರಿನ ಹೊರಗೆ, ಹೆದ್ದಾರಿಗೆ ತಾಗಿಕೊಂಡು. ಹೆಂಚಿನ ಮನೆ, ಮುಂದೆ ಒಂದು ಬೇವಿನ ಮರ. ರಸ್ತೆ ಅಗಲ ಮಾಡಿದಾಗ ಎರಡೂ ಹೋದವು. ನಮ್ಮ ಒಲೆ ಇದ್ದ ಜಾಗದ ಮೇಲೆ ಈಗ ಬಸ್ಸುಗಳು ಓಡುತ್ತವೆ. ಅಪ್ಪ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ ತಿರುವಿ, ತಿರುವಿ, ಸಂಜೆಯ ಹೊತ್ತಿಗೆ ಅವರ ಅಂಗೈ ಕಾಯಿಯ ಸಿಪ್ಪೆಯ ಬಣ್ಣಕ್ಕೇ ಬಂದಿರುತ್ತಿತ್ತು. ಮನೆಯಲ್ಲಿ ಅಜ್ಜಿ, ಅವ್ವ, ನಾನು, ಮತ್ತು ಅಪ್ಪನ ತಮ್ಮ ತಿಪ್ಪೇಶಿ ಚಿಕ್ಕಪ್ಪ. ನಮ್ಮ ವಂಶದಲ್ಲಿ ಅಕ್ಷರ ಕಲಿತವಳು ನಾನೇ ಮೊದಲು. ಅದಕ್ಕೇ ನಮ್ಮಲ್ಲಿ ಒಂದು ರೂಢಿಯಾಗಿತ್ತು: ದೀಪ ಹಚ್ಚಿದ ಮೇಲೆ ನಾನು ಆವತ್ತಿನ ಪಾಠವನ್ನು ಗಟ್ಟಿಯಾಗಿ ಓದಬೇಕು, ಎಲ್ಲರೂ ಕೈಕೆಲಸ ಮಾಡುತ್ತ ಕೇಳಬೇಕು. ಅಪ್ಪ ತೆಂಗಿನ ನಾರು ಹೊಸೆಯುತ್ತಿದ್ದರು, ಅವ್ವ ಅವರೆಕಾಯಿಯೋ ಶೇಂಗಾವೋ ಸುಲಿಯುತ್ತಿದ್ದಳು. ಅಕ್ಬರನ ಪಾಠ, ಹೃದಯದ ಪಾಠ, ಗೋಧಿ ಬೆಳೆಯುವ ರಾಜ್ಯಗಳ ಪಾಠ, ಎಲ್ಲವೂ ಆ ಮನೆಯ ಕಿವಿಗೆ ಬಿದ್ದಿದ್ದವು. ಅಜ್ಜಿಗೆ ಅಕ್ಬರನೆಂದರೆ ಬಲು ಇಷ್ಟ. "ಆ ಮಾರಾಯ ಇನ್ನೂ ಬದುಕೌನೇನೇ?" ಎಂದು ಮಧ್ಯೆ ಮಧ್ಯೆ ವಿಚಾರಿಸುತ್ತಿದ್ದಳು.

ಭಾನುವಾರ ಬಂದರೆ ಅಪ್ಪ ಬೇರೆ ಮನುಷ್ಯ. ಬಿದಿರಿನ ಗಾಳ ಹೆಗಲಿಗೆ ಹಾಕಿ, ರಾಗಿಮುದ್ದೆಯ ಒಂದು ತುಂಡನ್ನು ಎಲೆಯಲ್ಲಿ ಸುತ್ತಿಕೊಂಡು, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿಗೆ ಹೊರಡುತ್ತಿದ್ದರು. ಬೇಸಿಗೆಯಲ್ಲಿ ನಮ್ಮನ್ನೂ ಕರೆದೊಯ್ದು ಅಲ್ಲೇ ಮಲಗಿಸುತ್ತಿದ್ದರು. ಎಲ್ಲಿ ಹಾಸಬೇಕು ಎನ್ನುವುದರಲ್ಲಿ ಅವರದು ಒಂದೇ ಮಾತು: ನೀರು ಬಿಟ್ಟ ನೆಲದಲ್ಲಿ. ದಿನದಿಂದ ದಿನಕ್ಕೆ ನೀರು ಹಿಂದೆ ಸರಿಯುವಾಗ ಹೊಸದಾಗಿ ತೆರೆದುಕೊಂಡ ಅಂಚು ಇರುತ್ತದಲ್ಲ, ಅದು ಕಣದ ಹಾಗೆ ಗಟ್ಟಿ, ಬಟ್ಟೆ ಹಾಸಿದರೆ ತಣ್ಣಗೆ. ಅಲ್ಲಿ ಕಲ್ಲಿಲ್ಲ, ಮುಳ್ಳಿಲ್ಲ, ಚೇಳಿಲ್ಲ. ಮೇಲಿನ ಒಣ ದಂಡೆಯ ಪೊದೆಯ ಬಳಿ ಮಲಗುವವರನ್ನು ಕಂಡರೆ ಅಪ್ಪ ನಗುತ್ತಿದ್ದರು. ಒಮ್ಮೆ ಇಳಿದ ನೀರು ಮುಂದಿನ ಮಳೆಯ ತನಕ ಏರುವುದಿಲ್ಲ, ಇದು ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಆ ನೆಲದ ಮೇಲೆ ಬೆನ್ನು ಚಾಚಿದಾಗ ಅಂಗಿಯ ಮೂಲಕ ಹತ್ತುತ್ತಿದ್ದ ತಂಪು, ಒಣಗುತ್ತಿದ್ದ ಪಾಚಿಯ ವಾಸನೆ, ದೂರದಲ್ಲಿ ಮೀನು ಹಾರಿ ಬೀಳುವ ಸದ್ದು ನನಗೆ ಈಗಲೂ ನೆನಪಿವೆ. ಅಷ್ಟು ನಿರ್ಭಯವಾಗಿ ನಾನು ಮತ್ತೆಲ್ಲೂ ಮಲಗಿಲ್ಲ.

ಚಿಕ್ಕಪ್ಪ ಲಾರಿ ಡ್ರೈವರು. ಹೊಸದುರ್ಗದ ಕಡೆಯ ಗಣಿಯಿಂದ ಅದಿರು ತುಂಬಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗುತ್ತಿದ್ದ. ಬರುವಾಗ ಅವನ ಅಂಗಿಯ ತುಂಬ ಕೆಂಪು ಧೂಳು, ಸೀಟಿನ ಕೆಳಗೆ ಒಣಮೀನಿನ ಪೊಟ್ಟಣ. ಅವನು ಸಮುದ್ರ ಕಂಡಿದ್ದು ಹೆಚ್ಚಾಗಿ ಬಂದರಿನ ಕಲ್ಲುಗೋಡೆಯ ಮೇಲಿಂದ, ಲಾರಿಗಳ ಸಾಲಿನಲ್ಲಿ ಕಾಯುತ್ತ. ಒಂದು ಸಲ ಹಿಂತಿರುಗುವಾಗ ಒಂದು ನದಿ ಸಮುದ್ರ ಸೇರುವ ಕಡೆ ನಿಲ್ಲಿಸಿದ್ದನಂತೆ. ಅಲ್ಲಿ ಮರಳಿನ ಮೇಲೆ ನಿಂತ ಜನ ಉದ್ದನೆಯ ಕೋಲು ಬೀಸಿ, ಅಲೆಗಳಾಚೆಗೆ ಗಾಳ ಎಸೆದು, ತೋಳುದ್ದದ ಮೀನು ಎಳೆಯುತ್ತಿದ್ದರಂತೆ. ಅದನ್ನು ನೋಡಿ ಬಂದವನಿಗೆ ಅಣ್ಣನನ್ನು ಅಲ್ಲಿ ನಿಲ್ಲಿಸುವುದೊಂದೇ ಧ್ಯಾನ. "ಅಣ್ಣ, ನಿನ್ನ ಗೆಂಡೆ ಮೀನು, ಜಿಲೇಬಿ ಮೀನು ಎಲ್ಲಾ ಮಕ್ಳಾಟ ಕಣೋ. ಅಲ್ಲಿ ಒಂದು ಮೀನು ಕಚ್ಚಿದ್ರೆ ನಿನ್ನೇ ಎಳಕಂಡು ಹೋಗ್ತೈತೆ. ಆಯುಧಪೂಜೆ ಆಗ್ಲಿ, ಮಳೆಗಾಲದ ರೊಚ್ಚು ಇಳಿದಿರ್ತೈತೆ. ಎಲ್ಲರೂ ಲಾರಿಯಾಗೆ ಹೋಗಾಣ." ಅಜ್ಜಿ ಮೊದಲು ಬೈದಳು. ಆಮೇಲೆ, "ಸಾರಿಗೆ ಉಪ್ಪು ಹೊತ್ಕಂಡು ಹೋಗೋದಂತೂ ತಪ್ತು ಬಿಡು" ಎಂದಳು. ಅದು ಒಪ್ಪಿಗೆ.

ಆ ವರ್ಷದ ಮಳೆಗಾಲವೆಲ್ಲ ನಮ್ಮ ಮನೆ ಸಮುದ್ರಕ್ಕೆ ಹೊರಟು ನಿಂತಿತ್ತು. ಅಪ್ಪ ಎರಡಾಳುದ್ದದ ಬಿದಿರು ತಂದು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದರು. ಸೈಕಲ್ಲಿನ ಕಡ್ಡಿ ಬಗ್ಗಿಸಿ ದಾರ ಓಡುವ ಉಂಗುರ ಕಟ್ಟಿದರು. ಭಾರಕ್ಕೆ ಲಾರಿಯ ದಪ್ಪ ನಟ್ಟುಗಳು. ಅಪ್ಪನಿಗೆ ಅಷ್ಟು ದೂರ ಬೀಸಿ ರೂಢಿಯಿರಲಿಲ್ಲ, ಅದಕ್ಕೇ ಶೇಂಗಾ ಕಿತ್ತು ಖಾಲಿಯಾದ ಹಿಂದಿನ ಹೊಲದಲ್ಲಿ ಅಭ್ಯಾಸ. ಚಿಕ್ಕಪ್ಪ ಮಧ್ಯದಲ್ಲಿ ನಿಂತು, "ಅಲೆ ಇಲ್ಲಿ ಒಡೀತೈತೆ, ನಟ್ಟು ಇದರಾಚೆ ಬೀಳ್ಬೇಕು" ಎನ್ನುತ್ತಿದ್ದ. ಅಪ್ಪ ಬೀಸಿದರೆ ದಾರ ಸುಂಯ್ ಎಂದು ಹೋಗಿ, ದೂರದ ಮಣ್ಣಿನಲ್ಲಿ ದೊಪ್ಪೆಂದು ಧೂಳು ಏಳುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ಏನ್ರಪ್ಪ, ಶೇಂಗಾ ಹೊಲದಾಗೆ ಎಂಥ ಮೀನು ಬೀಳ್ತಾವೆ?" ಎಂದರೆ ಅಪ್ಪ, "ಒಣಮೀನು, ಬರ್ರಿ ಊಟಕ್ಕೆ" ಎನ್ನುತ್ತಿದ್ದರು. ಅಲೆ ಹೇಗಿರುತ್ತದೆಂದು ನಾನು ಕೇಳಿದಾಗ ಚಿಕ್ಕಪ್ಪ ಲಾರಿಯ ಟಾರ್ಪಾಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು, ಹೋ ಎಂದು ಕೂಗುತ್ತ ಓಡಿ ಬಂದು ನನ್ನ ಮೇಲೆ ಕವುಚಿದ್ದ. ಒಳಗೆ ಕತ್ತಲು, ಡೀಸೆಲ್ ವಾಸನೆ, ಅವನ ನಗು. ಬಹಳ ದಿನ ನನಗೆ ಸಮುದ್ರವೆಂದರೆ ಅದೇ.

ಅದೇ ಟಾರ್ಪಾಲು ನಮ್ಮ ಡೇರೆಯಾಗುವುದಿತ್ತು. ಅದನ್ನು ಎಲ್ಲಿ ಹೂಡುವುದು ಎಂಬುದಕ್ಕೇ ಅಣ್ಣತಮ್ಮಂದಿರ ನಡುವೆ ವಾದ. ದಂಡೆಯ ಮೇಲೆ ಗಾಳಿಮರದ ತೋಪು ಇದೆ, ಅದರ ಕೆಳಗೆ ಕಟ್ಟೋಣ ಎಂದು ಚಿಕ್ಕಪ್ಪ. "ಲೇ, ಮರದ ಬುಡದಾಗೆ ಹೆಂಗಸ್ರು ಮಕ್ಳನ್ನ ಮಲಗುಸ್ತಾರೇನೋ? ಹಾವು ಹುಳ ಇರ್ತಾವೆ. ಒಣ ಮರಳಾಗೆ ಗೂಟ ನಿಲ್ತೈತಾ? ನೀರು ಬಿಟ್ಟ ನೆಲ ಐತಾ ನೋಡು" ಎಂದರು ಅಪ್ಪ. ಐತೆ, ನದಿ ಬಾಯಲ್ಲಿ ನೀರಿನ ನಡುವೆಯೇ ದಿಬ್ಬದಂಥ ಮರಳು ತೆರೆದುಕೊಂಡಿತ್ತು, ಕಾಲಿಟ್ಟರೆ ಸಿಮೆಂಟಿನ ಹಾಗೆ ಇತ್ತು ಎಂದ ಚಿಕ್ಕಪ್ಪ. "ಮತ್ತೆ? ಅದೇ ಜಾಗ." ಮೀನಿನ ವಿಷಯದಲ್ಲಿ, ನೀರಿನ ವಿಷಯದಲ್ಲಿ ಅಪ್ಪನ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ. ಚಿಕ್ಕಪ್ಪ ತಲೆಯಾಡಿಸಿದ. ಹಬ್ಬಕ್ಕೆ ಮುಂಚೆ ಇನ್ನೊಂದು ಲೋಡ್ ಇತ್ತು. "ಈ ಸಲ ಹೋದಾಗ ಒಂದು ಗಳಿಗೆ ಅಲ್ಲಿ ಮಲಗಿ ನೋಡ್ಕಂಡೇ ಬರ್ತೀನಿ, ಬೆನ್ನಿಗೆ ತಂಪಾಗ್ತೈತೋ ಇಲ್ವೋ" ಎಂದು ನಕ್ಕು, ಲಾರಿ ಹತ್ತುವಾಗ ನನ್ನ ಜಡೆ ಎಳೆದು ಹೋದ. ಬಿಳಿ ಮೋಡಗಳ ತಿಳಿ ಬೆಳಗು ಅದು, ಬೇವಿನ ಮರದ ನೆರಳು ಚೂಪಾಗಿ ನೆಲಕ್ಕೆ ಬಿದ್ದಿತ್ತು.

ಅವನು ಹಾಗೆಯೇ ಮಾಡಿದ. ಲೋಡ್ ಇಳಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ನದಿ ಬಾಯಿಗೆ ಬಂದು, ಕ್ಲೀನರ್ ಹುಡುಗನನ್ನು ಊಟಕ್ಕೆ ಕಳಿಸಿ, ಮಧ್ಯಾಹ್ನದ ಹೊತ್ತು ಆ ದಿಬ್ಬದ ಮೇಲೆ ಟಾರ್ಪಾಲು ಹಾಸಿ ಮಲಗಿದ. ಸುದ್ದಿ ಮಂಡಿಯ ಫೋನಿಗೆ ಬಂತು. ಅಪ್ಪ ಹೋಗಿ ಹೆಣ ತಂದರು. ಅಲ್ಲಿನ ಮೀನುಗಾರರು ಅಪ್ಪನ ಭುಜ ಹಿಡಿದು, "ಕೂಗಿದೆವು ಮಾರಾಯ್ರೆ, ಗಾಳಿಗೆ ಕೇಳ್ಲಿಲ್ಲ. ಎದ್ದು ನೋಡುವಾಗ ಹಿಂದೆಯೂ ನೀರು ಬಂದಿತ್ತು" ಎಂದಿದ್ದರಂತೆ. ಅಷ್ಟೇ ಹೇಳಿದರು. ಅದಕ್ಕಿಂತ ಹೆಚ್ಚು ಹೇಳಬೇಕೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಹಿನ್ನೀರನ್ನು ಈಜಿ ದಾಟುತ್ತಿದ್ದ ಚಿಕ್ಕಪ್ಪ ಆ ನೀರಿಗೂ ಹಾಗೆಯೇ ಇಳಿದಿದ್ದ. ಸೆಳೆತ ಅವನನ್ನು ಹೊರಕ್ಕೆ ಒಯ್ದಿತ್ತು. ಮನೆಗೆ ಬಂದ ಅಪ್ಪ ಅಜ್ಜಿಗೆ, "ಇದ್ದಕ್ಕಿದ್ದಂಗೆ ದೊಡ್ಡ ಅಲೆ ಬಂತಂತವ್ವ" ಎಂದರು. ಅವರಿಗೆ ಗೊತ್ತಿದ್ದದ್ದೂ ಅಷ್ಟೇ. ಅಜ್ಜಿ ಅತ್ತು ಅತ್ತು, ಅದು ಗಂಗಮ್ಮನಲ್ಲ, ಯಾವುದೋ ಮಾರಿ ಎಂದಳು. ಒಂದು ವರ್ಷ ನಾವು ಆ ದೊಡ್ಡ ಅಲೆಯನ್ನು ಬೈದುಕೊಂಡು ಬದುಕಿದೆವು. ಬೈಯುವುದಕ್ಕೆ ಒಂದು ಇತ್ತು, ಅದೇ ದೊಡ್ಡದು. ಅವನ ಜೊತೆ ವಾಪಸು ಬಂದ ಟಾರ್ಪಾಲನ್ನು ಅವ್ವ ಒಗೆಯಲು ಹೋದರೆ ಅಪ್ಪ ಬಿಡಲಿಲ್ಲ. ಸಮುದ್ರದ ಉಪ್ಪು ಅದರಲ್ಲೇ ಉಳಿಯಿತು.

ಮುಂದಿನ ವರ್ಷ, ಅದೇ ಶರತ್ಕಾಲದಲ್ಲಿ, ಒಂದು ಸಂಜೆ ನಾನು ಎಂದಿನಂತೆ ಪಾಠ ತೆರೆದೆ. ಭೂಗೋಳದ ಪಾಠ. ಹೊಸ ಪದಗಳು ಬಂದಾಗ ದನಿ ಏರಿಸಿ ಓದುವುದು ನನ್ನ ಜಂಬ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಇದನ್ನು ಉಬ್ಬರ ಮತ್ತು ಇಳಿತ ಎನ್ನುತ್ತಾರೆ ಎಂದು ಜೋರಾಗಿ ಓದಿ, ಮುಂದಿನ ಸಾಲಿಗೆ ಹೋಗಿದ್ದೆ. ನಾರು ಹೊಸೆಯುವ ಸದ್ದು ನಿಂತಿತು.

"ಇನ್ನೊಂದ್ಸಲ ಓದವ್ವ."

ಓದಿದೆ. ಓದುತ್ತ ಓದುತ್ತ ನನಗೂ ಗೊತ್ತಾಯಿತು.

"ದಿನಾ?" ಎಂದರು ಅಪ್ಪ.

"ದಿನಾ, ಅಪ್ಪ."

"ಮಳೆ ಇಲ್ದಿದ್ರೂ?"

"ಮಳೆಗೂ ಅದಕ್ಕೂ ಸಂಬಂಧ ಇಲ್ಲಂತೆ. ಚಂದ್ರ ಎಳೀತಾನಂತೆ."

ಅಪ್ಪ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟರು. ಆಮೇಲೆ ನನ್ನ ಪುಸ್ತಕದ ಕಡೆ ತಿರುಗಿ, ಮೆಲ್ಲಗೆ ಕೇಳಿದರು: "ಇದು ಎಲ್ಲರಿಗೂ ಗೊತ್ತಿರಾದಾ?" ಸಣ್ಣ ಮಕ್ಕಳ ಪುಸ್ತಕದಲ್ಲಿ ಅಚ್ಚಾಗಿದೆಯೆಂದರೆ ಗೊತ್ತಿರುವುದೇ ಎಂದು ಅವರೇ ಲೆಕ್ಕ ಹಾಕಿದರು, ನಾನು ನೋಡುತ್ತಿದ್ದ ಹಾಗೇ ಅದು ಅವರ ಮುಖದಲ್ಲಿ ಇಳಿಯಿತು. "ಗಾಳಿಮರದ ಕೆಳಗೆ ಅಂದಿದ್ದ ಅವ್ನು" ಎಂದರು. ಅಜ್ಜಿ, "ಪುಸ್ತಕ ಮುಚ್ಚವ್ವ, ಮುಚ್ಚು" ಎಂದಳು. ಅವ್ವ ಎದ್ದು ಅಪ್ಪನ ಪಕ್ಕದಲ್ಲಿ ಕುಳಿತಳು, ಅಷ್ಟೇ. ಮಾರನೆಯ ದಿನ ಬಿದಿರಿನ ಗಾಳಗಳು ಒಲೆಗೆ ಹೋದವು. ಸೈಕಲ್ ಕಡ್ಡಿಯ ಉಂಗುರಗಳು ಬೂದಿಯಲ್ಲಿ ಸಿಕ್ಕವು. ಅಪ್ಪ ಮತ್ತೆ ಹಿನ್ನೀರಿಗೆ ಹೋಗಲಿಲ್ಲ, ನಮ್ಮ ಮನೆಯಲ್ಲಿ ಪಾಠ ಗಟ್ಟಿಯಾಗಿ ಓದುವ ರೂಢಿಯೂ ಅಲ್ಲಿಗೆ ನಿಂತಿತು. ನಾನು ತುಟಿ ಅಲ್ಲಾಡಿಸದೆ ಓದುವುದನ್ನು ಕಲಿತೆ.

ಓದು ಮಾತ್ರ ನಿಲ್ಲಲಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ತಾಳ್ಯದಿಂದ ಒಂದು ಗಂಡು ಬಂತು, ನಂಟರೆಲ್ಲ ಕೂತು ಒಪ್ಪಿಸಲು ನೋಡಿದರು. ಅಪ್ಪ, "ಓದ್ಲಿ ಬಿಡ್ರಿ. ಓದದೆ ಒಬ್ಬನ್ನ ಕಳಕಂಡಿದೀನಿ" ಎಂದು ಎದ್ದು ಹೋದರು. ನಾನು ಚಿತ್ರದುರ್ಗದಲ್ಲಿ ಹಾಸ್ಟೆಲಿನ ನೀರುಸಾರು ಉಂಡು, ಒಂದೇ ಜೊತೆ ಚಪ್ಪಲಿಯಲ್ಲಿ ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ, ಟೀಚರಾದೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆದರೆ ಆ ಓದಿನ ಬೆಲೆ ಏನೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಆ ಸಂಜೆಯ ನಂತರ ಅಪ್ಪನಿಗೆ ಒಂದು ಅಭ್ಯಾಸ ಹತ್ತಿತ್ತು. ಉಣ್ಣುವಾಗಲೋ, ಬಸ್ಸಿಗೆ ಕಾಯುವಾಗಲೋ, ಹೊತ್ತುಗೊತ್ತಿಲ್ಲದೆ ನನ್ನ ಕಡೆ ತಿರುಗಿ, "ಈಗ ಅಲ್ಲಿ ಏರ್ತಿರ್ತೈತೋ, ಇಳೀತಿರ್ತೈತೋ?" ಎಂದು ಕೇಳುತ್ತಿದ್ದರು. ಓದಿದವಳಿಗೆ ಗೊತ್ತಿರಬೇಕು ಎಂಬ ನಂಬಿಕೆ. ನನಗೆ ಎಲ್ಲಿಂದ ಗೊತ್ತಾಗಬೇಕು? ಪ್ರತಿ ಸಲವೂ, "ಇಳೀತೈತಪ್ಪ" ಎನ್ನುತ್ತಿದ್ದೆ. "ಹಂಗಾದ್ರೆ ಸರಿ" ಎಂದು ತುತ್ತು ಎತ್ತುತ್ತಿದ್ದರು. ಕೊನೆಗೆ ಹಿರಿಯೂರಿನ ಆಸ್ಪತ್ರೆಯಲ್ಲಿ, ನನ್ನ ಗುರುತೂ ಹತ್ತದ ದಿನ, ನನ್ನನ್ನು ಯಾರೋ ನರ್ಸ್ ಎಂದುಕೊಂಡು ಕೇಳಿದ್ದೂ ಅದನ್ನೇ. ಹೇಳಿದ್ದೂ ಅದನ್ನೇ.

ಇದನ್ನೆಲ್ಲ ಮೊನ್ನೆ ಮಗನಿಗೆ ಮೊದಲ ಸಲ ಹೇಳಿದೆ. ಹೋಗಬೇಡ ಎನ್ನಲಿಲ್ಲ. ಅಲೆ ತಂದು ಬಿಟ್ಟ ಕಸದ ಗೆರೆ ದಂಡೆಯ ಮೇಲೆ ಕಾಣುತ್ತದೆ, ಅದಕ್ಕಿಂತ ಬಹಳ ಮೇಲೆ, ಗಾಳಿಮರದ ಕೆಳಗೆ ಟೆಂಟು ಹಾಕು ಎಂದೆ. ಅವನು ನನ್ನ ಪಕ್ಕ ಕುಳಿತು, ಫೋನು ತೋರಿಸಿದ. ಯಾವ ಊರಿನ ಸಮುದ್ರ ಯಾವ ಹೊತ್ತಿಗೆ ಏರುತ್ತದೆ, ಇಳಿಯುತ್ತದೆ ಎಂಬುದೆಲ್ಲ ಅದರಲ್ಲಿ ಗೆರೆಯೆಳೆದ ಹಾಗೆ ಕಾಣುತ್ತಿತ್ತು. ಚಿಕ್ಕಪ್ಪ ಮಲಗಿದ ನದಿ ಬಾಯಿಯ ಹೆಸರು ಹೇಳಿದೆ.

"ಈಗ ಏನಾಗ್ತಿದೆ ಅಲ್ಲಿ?" ಎಂದು ಕೇಳಿದೆ.

"ಏರ್ತಾ ಇದೆ ಅಮ್ಮ."

ನಾನು ಟಾರ್ಪಾಲನ್ನು ಹಳೆಯ ಮಡಿಕೆಯ ಗುರುತಿನಲ್ಲೇ ಮಡಿಚಿ ಮತ್ತೆ ಸಜ್ಜಕ್ಕೆ ಏರಿಸಿದೆ. ಅಂಗೈಗೆ ತೇವ ಹತ್ತಿತ್ತು, ಸೆರಗಿಗೆ ಒರೆಸಿಕೊಂಡರೂ ಹೋಗಲಿಲ್ಲ. ಗೋಡೆಯ ಮೇಲೆ ಅಪ್ಪನ ಫೋಟೊ ಇದೆ. ಅದರ ಮುಂದೆ ದೀಪ ಹಚ್ಚುವಾಗ, ಅವರು ಕೇಳಿದ ಹಾಗಾಗಿ, ಬಾಯಿ ತಾನಾಗಿ ಅಂದಿತು: ಇಳೀತೈತಪ್ಪ.