ಬಾವಿಗೆ ಕೊಟ್ಟ ಹಗ್ಗ

ಮರ ಹತ್ತುವ ಮುಂಚೆ ಅಣ್ಣ ದಿನವೂ ಒಂದೇ ಮಾತು ಕೇಳುತ್ತಿದ್ದ. "ಹಗ್ಗಾ ನೋಡಿಯೇನೋ?"

ನಾನು "ನೋಡೇನಿ" ಅನ್ನಬೇಕು. ಅನ್ನುವ ಮೊದಲು ನಿಜವಾಗಿ ನೋಡಿರಬೇಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣು ಗೇಣು ಬೆರಳ ನಡುವೆ ಎಳೆದು, ಬಗ್ಗಿಸಿ, ಎಲ್ಲಿಯಾದರೂ ಬಿರುಸಾಗಿದೆಯೇ, ಮೆತ್ತಗಾಗಿದೆಯೇ, ಎಳೆ ಎದ್ದಿದೆಯೇ ಎಂದು ಕೈಯಿಂದ ಕೇಳಿಕೊಳ್ಳಬೇಕು. ನನ್ನಂಥ ಸಿಡುಕನಿಗೆ ಅದೊಂದು ಶಿಕ್ಷೆ. ಮೀಸೆಯಲ್ಲಿ ಬಿಳಿಕೂದಲು ಬಂದರೂ ಸಾಲಿ ಹುಡುಗನ ಹಾಗೆ ದಿನಾ ಪಾಠ ಒಪ್ಪಿಸುವುದು ಯಾರಿಗೆ ಬೇಕು ಹೇಳಿ.

ನಾವಿಬ್ಬರೂ ಮರದ ಕೆಲಸದವರು. ಲಚ್ಯಾಣದ ಹತ್ತಿರ ನಮ್ಮ ಊರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಮನೆಯ ಮೇಲೆ ಬೇವು ವಾಲಿದೆಯೋ, ಎಲ್ಲಿ ಕರೆಂಟಿನ ತಂತಿಗೆ ಹುಣಸೆ ಟೊಂಗೆ ತಾಗಿದೆಯೋ ಅಲ್ಲಿಗೆ ನಮ್ಮ ಮೋಟರ್ ಸೈಕಲ್ ಹೋಗುತ್ತದೆ. ಅಣ್ಣ ಮೇಲೆ, ನಾನು ಕೆಳಗೆ. ಅಪ್ಪನೂ ಇದೇ ಕೆಲಸ ಮಾಡಿದವನು. ಅವನಿಗೆ ಬರಿಗಾಲು ಮತ್ತು ಪುಂಡಿ ನಾರಿನ ಹಗ್ಗ ಇಷ್ಟೇ ಸಾಮಾನು. ನಮ್ಮ ಕಾಲಕ್ಕೆ, ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನಿನ ಕಂಬ ಹತ್ತುತ್ತಿದ್ದ ಪರಿಚಯದವನೊಬ್ಬ ಆ ಕೆಲಸ ಬಿಡುವಾಗ ತನ್ನದೆಲ್ಲ ನಮಗೆ ಕೊಟ್ಟ. ಸೊಂಟಕ್ಕೂ ತೊಡೆಗೂ ಬಿಗಿಯುವ ಬೆಲ್ಟು, ಬಾಯಿ ಮುಚ್ಚುವ ಕೊಂಡಿಗಳು, ಟೊಪ್ಪಿಗೆ, ಬಿಳಿ ನೈಲಾನ್ ಹಗ್ಗ.

ಅದನ್ನು ಬಳಸುವುದನ್ನೂ ಅವನೇ ಕಲಿಸಿದ. ಮರಳು ತುಂಬಿದ ಸಣ್ಣ ಚೀಲಕ್ಕೆ ದಾರ ಕಟ್ಟಿ ಮೇಲಿನ ಕವಲಿನ ಮೇಲಿಂದ ಎಸೆಯುವುದು, ಆ ದಾರದ ಹಿಂದೆ ಹಗ್ಗ ಏರಿಸುವುದು. ಹಗ್ಗದ ಒಂದು ತುದಿ ಬೆಲ್ಟಿಗೆ. ಕವಲು ದಾಟಿ ಇಳಿದು ಬಂದ ಇನ್ನೊಂದು ಭಾಗಕ್ಕೆ ಗಿಡ್ಡ ಹುರಿಯ ಸುತ್ತುಗಂಟು, ಅದೂ ಬೆಲ್ಟಿಗೆ. ಮೈಭಾರ ಬಿದ್ದರೆ ಆ ಗಂಟು ಕಚ್ಚಿ ಹಿಡಿಯುತ್ತದೆ, ಕೈಯಿಂದ ಸಡಿಲಿಸಿದರೆ ಜಾರುತ್ತದೆ. ಕೊನೆಗೆ ಅವನೊಂದು ಮಾತು ಹೇಳಿದ್ದ: "ಬ್ಯಾಟರಿ ಹತ್ರ ಮಾತ್ರ ಇಡಬ್ಯಾಡ್ರಿ. ಆಸಿಡ್ ಬಿದ್ರ ಕಣ್ಣಿಗಿ ಕಾಣೂದಿಲ್ಲ. ಕೈಗಿ ಸಿಗತೈತಿ, ಅದೂ ನೀವು ನೋಡಿದ್ರ."

ಅಂದೇ ಅಣ್ಣ ಕಾಯಿದೆ ಮಾಡಿಬಿಟ್ಟ. "ಈ ಹಗ್ಗಾ ಜೀವಾ ಹೊರೂದಕ್ಕ ಅಷ್ಟ. ಯಾರ ಕೇಳಿದ್ರೂ ಕೊಡಬ್ಯಾಡ." ತನ್ನನ್ನು ಕಾಂಡಕ್ಕೆ ಕಟ್ಟಿಕೊಳ್ಳುವ ಗಿಡ್ಡ ಹಗ್ಗವನ್ನೂ, ಸುತ್ತುಗಂಟಿನ ಹುರಿಯನ್ನೂ ಅದರ ಜೊತೆಗೇ ಒಂದು ಚೀಲದಲ್ಲಿ ಇಟ್ಟು ಬಾಯಿ ಕಟ್ಟಿದ.

ಆದರೆ ನಮ್ಮೂರಲ್ಲಿ ಇನ್ನೊಂದು ಕಾಯಿದೆ ಇದೆ, ಅದು ಅಪ್ಪನಿಗಿಂತ ಹಳೆಯದು. ಬಾವಿಗೆ ಬಿದ್ದದ್ದನ್ನು ಎತ್ತಲು ಹಗ್ಗ ಕೇಳಿದರೆ ಇಲ್ಲ ಅನ್ನುವಂತಿಲ್ಲ. ಕೊಡವೇ ಬಿದ್ದಿರಲಿ, ಕರುವೇ ಬಿದ್ದಿರಲಿ, ಯಾಕೆ ಎಂದು ಕೂಡ ಕೇಳುವಂತಿಲ್ಲ. ಇಲ್ಲ ಅಂದ ಮನೆಯವರೇ ಒಂದು ದಿನ ಬಾವಿ ನೋಡುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು.

ಅಣ್ಣ ಚಡಚಣಕ್ಕೆ ಹೋಗಿದ್ದ ದಿನ ಪಕ್ಕದ ಹೊಲದ ಕಾಕಾ ಏದುಸಿರು ಬಿಡುತ್ತ ಬಂದ. "ಲೇ ತಮ್ಮಾ, ಎಮ್ಮಿ ಕರಾ ಬಾವ್ಯಾಗ ಬಿದ್ದೈತಿ. ಹಗ್ಗಾ!" ಟೊಂಗೆ ಇಳಿಸುವ ಪುಂಡಿ ಹಗ್ಗ ಅಣ್ಣನ ಮೋಟರ್ ಸೈಕಲ್ಲಿನ ಹಿಂದೆಯೇ ಇತ್ತು. ಮನೆಯಲ್ಲಿದ್ದದ್ದು ಆ ಚೀಲವೊಂದೇ. ನಾನು ಒಂದು ಗಳಿಗೆ ನಿಂತೆ, ಆಮೇಲೆ ಚೀಲವನ್ನೇ ಎತ್ತಿ ಅವನ ಹೆಗಲಿಗೆ ಹಾಕಿದೆ. ಕರು ಬದುಕಿತು. ಮರುದಿನ, ಅಣ್ಣ ತಿರುಗಿ ಬರುವ ಮೊದಲೇ, ಕಾಕಾ ಟ್ರ್ಯಾಕ್ಟರಿನಲ್ಲಿ ಚೀಲ ತಂದುಕೊಟ್ಟ. ಹಗ್ಗದ ಮೇಲೆ ರಾಡಿ ಮೆತ್ತಿತ್ತು, ಕರುವಿನ ಕೂದಲು ಅಂಟಿತ್ತು. ಅಣ್ಣನಿಗೆ ಗೊತ್ತಾಗಬಾರದೆಂದು ಒದ್ದೆ ಅರಿವೆಯಿಂದ ಒರೆಸಿ, ಸುರುಳಿ ಸುತ್ತಿ, ಚೀಲದ ಬಾಯಿ ಮೊದಲಿನಂತೆಯೇ ಕಟ್ಟಿದೆ. ಎಂಥ ಜಾಣ ನಾನು!

ಎರಡು ದಿನ ಕಳೆದು ಬಸವನ ಬಾಗೇವಾಡಿಯಲ್ಲಿ ಕೆಲಸ. ನಿವೃತ್ತ ಮಾಸ್ತರರೊಬ್ಬರ ಮನೆಯ ಹಿಂದೆ ದೊಡ್ಡ ಬೇವು, ತಗಡಿನ ಮೇಲೆ ವಾಲಿಕೊಂಡಿತ್ತು. ಓಣಿ ಎಷ್ಟು ಇಕ್ಕಟ್ಟೆಂದರೆ ಮೋಟರ್ ಸೈಕಲ್ ತರುವಾಗ ಹ್ಯಾಂಡಲ್ ಗೋಡೆಗೆ ಉಜ್ಜಿತು. ಅಣ್ಣ ಬೆಲ್ಟು ಬಿಗಿಯುತ್ತ ಕೇಳಿದ, "ಹಗ್ಗಾ ನೋಡಿಯೇನೋ?"

ಅವನೆದುರು ಬಿಚ್ಚಿ ನೋಡಿದರೆ ಎಲ್ಲಾದರೂ ಒಂದು ಕರುವಿನ ಕೂದಲು ಸಿಕ್ಕೀತು ಎಂಬ ಅಂಜಿಕೆ. "ನೋಡೇನಿ" ಅಂದೆ.

ಅಣ್ಣ ಕೆಳಗಿನ ಟೊಂಗೆಗಳನ್ನು ಒಂದೊಂದಾಗಿ ಇಳಿಸುತ್ತ ಮೇಲೇರಿದ. ಮೇಲೇರಿದಂತೆ ಕೆಳಗೆ ಬೋಳು ಕಾಂಡವಷ್ಟೇ ಉಳಿಯಿತು, ಇಬ್ಬರು ಕೈಕೈ ಹಿಡಿದು ತಬ್ಬಿದರೂ ತಬ್ಬಿಗೆ ಸಿಗದಷ್ಟು ದಪ್ಪ. ಆರು ಮಾರು ಎತ್ತರದಲ್ಲಿ, ಕಡಿದ ಟೊಂಗೆಯ ಅಂಗೈ ಅಗಲದ ಬುಡದ ಮೇಲೆ ಒಂದು ಕಾಲಿಟ್ಟು, ಹಗ್ಗಕ್ಕೆ ಮೈ ಬಿಟ್ಟು ಹಿಂದಕ್ಕೆ ವಾಲಿ, ಆಚೆ ಬದಿಯ ಟೊಂಗೆಯನ್ನು ಗರಗಸದಿಂದ ಕೊಯ್ಯುತ್ತಿದ್ದ. ಅದನ್ನು ಇಳಿಸಲು ಪುಂಡಿ ಹಗ್ಗವನ್ನು ಅದರ ತುದಿಗೆ ಆಗಲೇ ಕಟ್ಟಿದ್ದ.

ಆಗ ನನ್ನ ಫೋನು ಬಡಿದುಕೊಂಡಿತು. ಕಾಕಾ. "ತಮ್ಮಾ, ನಿಮ್ಮ ಹಗ್ಗಾ ಹೆಂಗೈತಿ? ಟ್ರ್ಯಾಕ್ಟರ್ ಡಬ್ಬ್ಯಾಗ ಅದರ ಬಾಜೂ ಹಳೆ ಬ್ಯಾಟರಿ ಇತ್ತು, ಅಡ್ಡ ಬಿದ್ದು ನೀರು ಚೆಲ್ಲಿತ್ತು. ಇವತ್ತ ನನ್ನ ಟವೆಲ್ ಒಗದ್ರ ಬರೇ ತೂತು ನೋಡಪಾ."

ಮೇಲೆ ನೋಡಿದೆ. ಅಣ್ಣನ ಇಡೀ ಮೈ ಆ ಬಿಳಿ ಹಗ್ಗದ ಮೇಲೆ ತೂಗುತ್ತಿತ್ತು.

"ಯಣ್ಣಾ! ಹಗ್ಗಕ್ಕ ಭಾರ ಹಾಕಬ್ಯಾಡ! ಬಡ್ಡಿ ತಬ್ಬಿಕೊ!"

ಅಣ್ಣ ಯಾಕೆಂದು ಕೇಳಲಿಲ್ಲ. ಗರಗಸ ಬಿಟ್ಟು, ಮೆಲ್ಲಗೆ ಒಳಗೆ ಸರಿದು, ಕಾಂಡವನ್ನು ಎರಡೂ ಕೈಯಿಂದ ಅವುಚಿಕೊಂಡ. ಅಲ್ಲಿ ಮೇಲೆ ಅದು ತಬ್ಬಿಗೆ ಸಿಗುವಷ್ಟು ಸಪೂರವಿತ್ತು. ಆಮೇಲೆ ಕೇಳಿದ, "ಏನಾಗೈತೋ?"

ಮಾಸ್ತರರು, ಅವರ ಹೆಂಡತಿ, ಗೋಡೆ ಆಚೆಯ ಮಂದಿ ಎಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಕೂಗಿ ಹೇಳಿದೆ: ಕಾಕಾನಿಗೆ ಕೊಟ್ಟಿದ್ದು, ಬ್ಯಾಟರಿ ನೀರು, ನಾನು ನೋಡದೆ ನೋಡೇನಿ ಅಂದದ್ದು. ಆ ಹೊತ್ತಿಗೆ ನಾನು ಸತ್ತೇ ಹೋದರೆ ಚೆನ್ನಾಗಿತ್ತು ಅನ್ನಿಸಿತು.

"ಗಿಡ್ಡ ಹಗ್ಗಾನೂ ಅದ ಚೀಲದಾಗ ಇತ್ತಲ್ಲ?" ಎಂದ ಅಣ್ಣ.

"ಹೌದು ಯಣ್ಣಾ."

ಪುಂಡಿ ಹಗ್ಗದ ಗಂಟು ಆಚೆ ಟೊಂಗೆಯ ತುದಿಯಲ್ಲಿ, ಬಿಳಿ ಹಗ್ಗಕ್ಕೆ ಜೋತುಬಿದ್ದರೆ ಮಾತ್ರ ಕೈಗೆಟಕುವಷ್ಟು ದೂರ; ಕೆಳಗೆ ನನ್ನ ಹತ್ತಿರ ಉಳಿದ ತುಂಡು ಅವನವರೆಗೆ ಹೋಗಿ ಬರಲು ಸಾಲದು. ಕೆಳಗಿನ ದಪ್ಪ ಬೋಳು ಕಾಂಡವನ್ನು ತಬ್ಬಿ ಇಳಿಯುವಂತೆಯೂ ಇಲ್ಲ. ಅಷ್ಟು ಉದ್ದದ ಏಣಿ ಆ ಓಣಿಯಲ್ಲಿ ಯಾರ ಹತ್ತಿರವೂ ಇಲ್ಲ. ಬೆಂಕಿ ಆರಿಸುವ ಗಾಡಿ ಕರೆಸೋಣವೆಂದರೆ ಆ ಸಂದಿಯಲ್ಲಿ ಅದು ಹೊರಳುವುದೇ ಇಲ್ಲ. ಅಣ್ಣನಿಗೆ ಐವತ್ತು ದಾಟಿದೆ. ಒಂಟಿಗಾಲು ಆಗಲೇ ನಡುಗಲು ಶುರುವಾಗಿತ್ತು, ಕೆಳಗಿನಿಂದಲೇ ಕಾಣುತ್ತಿತ್ತು.

ಓಡಿದೆ. ಒಂದೊಂದು ಬಾಗಿಲಿಗೂ ಹೋಗಿ ಅಂಗಲಾಚಿದೆ, "ಹಗ್ಗಾ ಐತೇನ್ರಿ? ದಪ್ಪನ್ದು, ಉದ್ದಂದು?" ಒಬ್ಬರು ಅರಿವೆ ಒಣಹಾಕುವ ಪ್ಲಾಸ್ಟಿಕ್ ದಾರ ತಂದರು. ಇನ್ನೊಬ್ಬರು ಎಮ್ಮೆಯ ಕೊರಳ ಕಣ್ಣಿ. ಮೂರನೆಯವರು ನಾನು ಯಾರು, ಯಾಕೆ ಬೇಕು ಎಂದು ವಿಚಾರಣೆಗೇ ಇಳಿದರು. ಅವರ ಮೇಲೆ ಕೂಗಾಡಿದೆ. ಅಳುತ್ತಿದ್ದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಮುಸ್ಲಿಂ ಅಜ್ಜಿಯೊಬ್ಬಳು ಅಂಗಳದ ಬಾವಿಯಿಂದ ನೀರು ಸೇದುತ್ತಿದ್ದಳು.

"ಅವ್ವಾ, ಹಗ್ಗಾ..."

ಅವಳು ನನ್ನ ಮುಖ ನೋಡಿದಳು, ಅಷ್ಟೇ. ಕೊಡ ಬಿಚ್ಚಿ ಪಕ್ಕಕ್ಕಿಟ್ಟು, ರಾಟೆಯಿಂದ ಹಗ್ಗ ಎಳೆದು ನನ್ನ ತೋಳಿಗೆ ಹೇರಿದಳು. "ಒಯ್ಯಿ ಯಪ್ಪಾ, ಮದ್ಲ ಒಯ್ಯಿ." ಯಾಕೆ ಎಂದು ಕೇಳಲಿಲ್ಲ.

ಮರದ ಕೆಳಗೆ ಬಂದಾಗ ಅಣ್ಣ ಒಂದು ಕೈಯಿಂದಲೇ ಸೊಂಟಕ್ಕಿದ್ದ ಮರಳು ಚೀಲವನ್ನು ದಾರದಿಂದ ಕೆಳಗೆ ಇಳಿಬಿಟ್ಟಿದ್ದ. ನಾನು ಹಗ್ಗದ ತುದಿಗೆ ದಾರ ಕಟ್ಟಲು ಹೋದೆ. ಮೇಲಿನಿಂದ ದನಿ ಬಂತು, ಸಣ್ಣಗೆ, ಸುಸ್ತಾಗಿ.

"ಹಗ್ಗಾ ನೋಡಿಯೇನೋ?"

ಯಪ್ಪಾ! ಆ ಹೊತ್ತಿನಲ್ಲೂ ಕೇಳಿದನಲ್ಲ! ಅವನ ಕಾಲು ಗಡಗಡ ನಡುಗುತ್ತಿದೆ, ಒಂದೊಂದು ಗಳಿಗೆಯೂ ಅವನ ಜೀವದಿಂದಲೇ ಹೋಗುತ್ತಿದೆ, ಈಗ ಹಗ್ಗ ನೋಡುತ್ತ ಕೂರಬೇಕೇ? ನೋಡೇನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ಯಣ್ಣಾ" ಅಂದೆ. "ತಡಿ. ನೋಡ್ತೇನಿ."

ನೆಲಕ್ಕೆ ಕೂತು ನೋಡಿದೆ. ಗೇಣು ಗೇಣು. ಬಗ್ಗಿಸಿ, ತಿರುವಿ, ಎಳೆ ಬಿಡಿಸಿ. ಒಂದು ಮಾರು, ಎರಡು ಮಾರು. ಮಾಸ್ತರರು "ಲಗೂ ಮಾಡೋ, ಲಗೂ ಮಾಡೋ" ಎಂದು ಬಡಕೊಳ್ಳುತ್ತಿದ್ದರು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಅಣ್ಣನ ಕಾಲು ಕಾಣುತ್ತದೆ. ಕೊಡ ಕಟ್ಟುವ ತುದಿಯ ಹತ್ತಿರ ಒಂದು ಕಡೆ ನಾರು ಸವೆದು ಅರ್ಧವಾಗಿತ್ತು. ಅದನ್ನು ಕುಡುಗೋಲಿನಿಂದ ಕೊಯ್ದು ಹಾಕಿದೆ. ಉಳಿದದ್ದು ಹದಿನಾರು ಮಾರು, ಹೋಗಿ ಬರುವಷ್ಟಕ್ಕೆ ಸಾಕು.

"ನೋಡೇನಿ ಯಣ್ಣಾ!"

ಅವನು ಹಗ್ಗ ಮೇಲೆ ಸೇದಿಕೊಂಡ, ತಲೆಯ ಮೇಲಿನ ಕವಲಿಗೆ ದಾಟಿಸಿದ, ಹಲ್ಲಿನಿಂದ ಕಚ್ಚಿ ಎಳೆದು ಬೆಲ್ಟಿಗೆ ಗಂಟು ಹಾಕಿದ. ಇನ್ನೊಂದು ತುದಿಯನ್ನು ನಾನು ದನ ಕಟ್ಟುವ ಕಲ್ಲಿನ ಗೂಟಕ್ಕೆ ಎರಡು ಸುತ್ತು ಸುತ್ತಿ ಹಿಡಿದೆ. ಬಿಳಿ ಹಗ್ಗ ಬಿಚ್ಚಿ ಬಿಟ್ಟು ಅವನು ಕಾಲು ತೆಗೆದ. ಭಾರ ನನ್ನ ಕೈಗೆ ಬಂತು. ಒಂದೊಂದು ಗೇಣಾಗಿ ಇಳಿಸಿದೆ. ಅಂಗೈಯ ಚರ್ಮ ಎದ್ದುಹೋದದ್ದು ಸಂಜೆಗೆ ಗೊತ್ತಾಯಿತು.

ನೆಲ ಮುಟ್ಟಿದ ಅಣ್ಣ ಹಾಗೇ ಕುಸಿದು ಕೂತ. ನೀರು ಕುಡಿದ. ಆಮೇಲೆ ಬಿಳಿ ಹಗ್ಗವನ್ನು ಹತ್ತಿರ ಎಳೆದುಕೊಂಡು ಗೇಣು ಗೇಣು ನೋಡುತ್ತ ಬಂದ. ಒಂದು ಕಡೆ ಕೈ ನಿಂತಿತು. ಅಲ್ಲಿ ಮೊಣಕಾಲಿಗೆ ಕೊಟ್ಟು ಜಗ್ಗಿದ. ಹಳೆಯ ಕಾಗದದ ಹಾಗೆ ಮೇಲಿನ ಹೆಣಿಗೆ ಹರಿದು, ಒಳಗಿನ ಎಳೆಗಳು ಪುಡಿಪುಡಿಯಾಗಿ ಹೊರಬಂದವು. ಯಾರೂ ಮತ್ತೆ ಅದರ ಮೇಲೆ ಹತ್ತಬಾರದೆಂದು ಕುಡುಗೋಲು ಇಸಕೊಂಡು ಇಡೀ ಹಗ್ಗವನ್ನು ಮೊಳ ಮೊಳ ತುಂಡು ಮಾಡಿದ.

ನಾನು ಕಾಲು ಹಿಡಿಯಲು ಬಗ್ಗಿದೆ. ಬಯ್ಯಲಿ, ಎರಡು ಬಾರಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಕರಾ ಬಿದ್ದಿತ್ತು, ಹಗ್ಗಾ ಕೊಟ್ಟಿ" ಎಂದ ಅಣ್ಣ. "ನಾ ಇದ್ದಿದ್ರೂ ಕೊಡತಿದ್ನಿ. ಆದ್ರ ಮುಂಜಾನೆ ನಾ ಕೇಳಿದ್ನಲ್ಲೋ ತಮ್ಮಾ."

ಅಷ್ಟೇ ಅವನು ಆಡಿದ್ದು. ಅಜ್ಜಿಗೆ ಹೊಸ ಹಗ್ಗ ಒಯ್ದುಕೊಟ್ಟೆವು. ನಾವೂ ಬೇರೆ ಹಗ್ಗ ತಂದೆವು. ಮೊನ್ನೆ ಮುದ್ದೇಬಿಹಾಳದಲ್ಲೂ ಕೆಲಸವಾಯಿತು, ಅಣ್ಣ ಮೇಲೆ, ನಾನು ಕೆಳಗೆ. ಊಟ ಕೂಡಿಯೇ ಮಾಡುತ್ತೇವೆ, ನಗುವುದೂ ಇದೆ. ಆದರೆ ಆ ದಿನದಿಂದ ಅಣ್ಣ ಆ ಮಾತು ಕೇಳಿಲ್ಲ. ನಾನು ಬೆಳಗಾಗುವ ಮುಂಚೆಯೇ ಎದ್ದು ಎರಡೆರಡು ಸಲ ನೋಡುತ್ತೇನೆ. ಮರದ ಬುಡಕ್ಕೆ ಹೋದಾಗ ಕೇಳದಿದ್ದರೂ ನಾನೇ ಹೇಳುತ್ತೇನೆ, "ಯಣ್ಣಾ, ನೋಡೇನಿ." ಅವನು ಹೂಂ ಅನ್ನುತ್ತಾನೆ. ಹೂಂ ಅಂದವನೇ ನನ್ನ ಕೈಯಿಂದ ಹಗ್ಗ ಇಸಕೊಂಡು, ಮೊದಲ ಗೇಣಿನಿಂದ ಮತ್ತೆ ನೋಡಲು ಶುರುಮಾಡುತ್ತಾನೆ.