ಕೊರಳಪಟ್ಟಿಯ ಅತ್ತರು

ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಹಳೆಯ ಟ್ರಂಕನ್ನು ಬಿಸಿಲಿಗೆ ಇಟ್ಟಿದ್ದೆ. ಮಧ್ಯಾಹ್ನ ಅದರೊಳಗಿಂದ ಒಂದು ವಾಸನೆ ಎದ್ದಿತು. ಬಟ್ಟೆಯ ಗಂಟು ಬಿಚ್ಚಿದರೆ ಅಪ್ಪ ಮಾಡಿದ ನಾಯಿಯ ಕೊರಳಪಟ್ಟಿ. ಅದನ್ನು ಮೂಗಿಗೆ ಹಿಡಿದಾಗ ಅಪ್ಪ ನೆನಪಾಗಬೇಕಿತ್ತು. ಆದರೆ ಮೊದಲು ಕಣ್ಣ ಮುಂದೆ ಬಂದವನು ಜಮಖಂಡಿಯ ಅತ್ತರದಂಗಡಿಯ ಕಾಕಾ. ಸತ್ತ ಮೇಲೂ ಎಲ್ಲದಕ್ಕೂ ಮುಂದೆ ಬಂದು ನಿಲ್ಲುವ ಚಾಳಿ ಅವನಿಗೆ!

ನಮ್ಮದು ಮುಧೋಳ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ಬೇಟೆನಾಯಿಗಳಿಗೆ ಕೊರಳಪಟ್ಟಿ ಮಾಡುತ್ತಿದ್ದ. ತಂಗಡಿ ಗಿಡದ ತೊಗಟೆಯಲ್ಲಿ ತಾನೇ ಹದ ಮಾಡಿದ ಚರ್ಮವನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ನಾಯಿಗೆ ಉಣ್ಣೆಹುಳ ಹತ್ತಬಾರದೆಂದು ಎಳ್ಳೆಣ್ಣೆಯಲ್ಲಿ ದವನ, ಮರುಗ, ಲಾವಂಚದ ಬೇರು, ಜೊತೆಗೆ ಆ ಚರ್ಮದ ಚೂರು ಹಾಕಿ ವಾರಗಟ್ಟಲೆ ನೆನೆಸಿ, ಆ ಎಣ್ಣೆಯನ್ನು ಪಟ್ಟಿಗೆ ತಿಕ್ಕುತ್ತಿದ್ದ. ಹಾಗೆ ನೆನೆಸಿದ ಒಂದು ಜಾಡಿಯನ್ನು ನಾನು ಅಟ್ಟದ ಮೇಲೆ ಮರೆತುಬಿಟ್ಟಿದ್ದೆ. ಬೇಸಿಗೆ ಕಳೆದು ತೆಗೆದರೆ ಅದು ಬರೀ ಎಣ್ಣೆಯಾಗಿ ಉಳಿದಿರಲಿಲ್ಲ.

ಮುಂಗೈಗೆ ಒಂದು ಹನಿ ಹಚ್ಚಿಕೊಂಡೆ. ಮೊದಲು ಕಹಿ ಹಸಿರು ಮೂಗಿಗೆ ಚುರ್ ಎಂದು ಹೊಡೆಯಿತು. ದವನದ ದಂಟನ್ನು ಹಲ್ಲಲ್ಲಿ ಕಡಿದ ಹಾಗೆ. ಸಂಕೋಚ, ನಾಚಿಕೆ ಯಾವುದೂ ಇಲ್ಲದ ವಾಸನೆ. ಒಂದು ತಾಸಿನ ಮೇಲೆ ಹಸಿರಿನ ಅಡಿಯಿಂದ ಚರ್ಮ ಮೆಲ್ಲಗೆ ಎದ್ದು ಬಂತು. ಸಂಜೆಯ ಹೊತ್ತಿಗೆ ದವನ ಹಿಂದೆ ಸರಿದು, ಹೊಸ ಚಪ್ಪಲಿ, ಒದ್ದೆ ಬೇರು, ಅಪ್ಪನ ಅಂಗೈ... ಇಷ್ಟೇ ಉಳಿಯಿತು. ಮಲಗುವಾಗಲೂ ಕೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡಿದ್ದೆ.

ಆಗ ನಾನು ಮಾಸ್ತರಿಕೆಯ ಟ್ರೇನಿಂಗಿಗೆಂದು ಜಮಖಂಡಿಯಲ್ಲಿದ್ದೆ. ಹುರುಪಿನಲ್ಲಿ ಜಾಡಿಯನ್ನೇ ಎತ್ತಿಕೊಂಡು ಅತ್ತರದ ಕಾಕಾನ ಅಂಗಡಿಗೆ ಹೋದೆ. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ, ಜೇನಿನಂಥ ಮಾತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಮೂಗಿನಿಂದ ಒಂದು ಗೇಣು ದೂರ ಹಿಡಿದು ಕಣ್ಣು ಮುಚ್ಚಿದ.

“ಅಬಬಬಾ! ಏನೇನ ಹಾಕೀರಿ ಇದರಾಗ, ತಂಗಿ?”

ಹೇಳಿದೆ. ಒಂದೂ ಬಿಡದೆ ಹೇಳಿದೆ. ಹೆಡ್ಡಿ ನಾನು! ಜಾಡಿಯನ್ನು ಇಟ್ಟುಹೋಗು, ನಾಲ್ಕು ಜನರಿಗೆ ತೋರಿಸುತ್ತೇನೆ ಎಂದ.

ತಿಂಗಳಾಗುವುದರೊಳಗೆ ಗಾಜಿನ ಕಪಾಟಿನಲ್ಲಿ ಸಣ್ಣ ಸಣ್ಣ ಹಸಿರು ಶೀಶೆಗಳು ನಿಂತಿದ್ದವು. ಉತ್ತರ ದೇಶದಿಂದ ತರಿಸಿದ್ದು, ರಾಜರು ಹಚ್ಚುತ್ತಿದ್ದ ಅತ್ತರು ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ನಾನು ಅಳುತ್ತ ಮುಧೋಳಕ್ಕೆ ಹೋಗಿ ಅಪ್ಪನನ್ನು ಕರೆತಂದೆ. ಅಪ್ಪ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹತ್ತಲು ಕಾಕಾ ಬಿಡುತ್ತಲೂ ಇರಲಿಲ್ಲ. ಬೀದಿಯಲ್ಲೇ ನಿಂತು ಕೈಮುಗಿದ.

“ಬ್ಯಾರೇನೂ ಬ್ಯಾಡ್ರಿ ಮಾಲಕರ. ಇದು ಮುಧೋಳದಾಗ ನಮ್ಮ ಕೈಕೆಲಸ ಅಂತ ಒಂದ ಮಾತ ಹೇಳ್ರಿ, ಸಾಕು.”

ಕಾಕಾ ನಕ್ಕ. ಅದೇ ಶೀಶೆಯಲ್ಲಿ ಹತ್ತಿ ಅದ್ದಿ, ಕೈ ತಾಗದ ಹಾಗೆ ಮೇಲಿನಿಂದ ಅಪ್ಪನ ಬೊಗಸೆಗೆ ಉದುರಿಸಿದ.

“ತಗೋಲೇ, ಕಿವ್ಯಾಗ ಇಟ್ಕೋ. ಮೈಯಾನ ಚರ್ಮದ ವಾಸನಿ ಹೋಗ್ತೈತಿ.”

ಅಪ್ಪ ಆ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದ. ನಾನು ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಅಂದುಕೊಂಡೆ, ಈ ಕಾಕಾನ ಮೂಗನ್ನು ನಾಲ್ಕು ಜನರ ನಡುವೆ ಕೊಯ್ಯದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ.

ಅವಕಾಶವನ್ನು ಅವನೇ ಕೊಟ್ಟ. ನನ್ನ ಜಾಡಿ ಬರಿದಾಗಿತ್ತು. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ಅದೇ ಅತ್ತರು ಬೇಕೆಂದು ಹೇಳಿಕಳಿಸಿದ್ದರು. ದವನ, ಮರುಗ ಪೇಟೆಯಲ್ಲಿ ಸಿಗುತ್ತವೆ. ಚರ್ಮಕ್ಕಾಗಿ ನಮ್ಮ ಓಣಿಗೆ ಬರಲು ಅವನ ಕಾಲು ಒಪ್ಪಲಿಲ್ಲ. ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ನನ್ನನ್ನು ಕರೆದ.

“ಯಾವ ಚರ್ಮಾದ್ರೂ ನಡೀತೈತೇನ, ತಂಗಿ?”

“ಯಾವ್ದಾದ್ರೂ ನಡೀತೈತ್ರಿ, ಕಾಕಾರ. ಹಳೇದಾದ್ರ ಇನ್ನೂ ಛಲೋ.”

ನಗುತ್ತಲೇ ಹೇಳಿದೆ. ಬನಹಟ್ಟಿಯಲ್ಲಿ ಹಳೆಯ ಚರ್ಮಕ್ಕೇನು ಬರ? ಮಗ್ಗದ ಹರಿದ ಪಟ್ಟಿಗಳ ರಾಶಿಯೇ ಬಿದ್ದಿರುತ್ತದೆ, ವರ್ಷಗಟ್ಟಲೆ ಯಂತ್ರದ ಎಣ್ಣೆ ಕುಡಿದು ಕಪ್ಪಾದವು. ಅವನ್ನೇ ತರಿಸಿ ನೆನೆಸಿದನೆಂದು ಆಮೇಲೆ ತಿಳಿಯಿತು. ಅರ್ಧ ದಿನ ತನ್ನ ಮುಂಗೈಗೆ ಹಚ್ಚಿಕೊಂಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. ಆದರೆ ಚರ್ಮ ನೆನೆದ ಎಣ್ಣೆಯನ್ನು ಅವನು ಮೈಗೆ ಮುಟ್ಟಿಸಿಕೊಳ್ಳುವವನೇ? ಕಡ್ಡಿಯ ತುದಿಯ ಹತ್ತಿ, ಒಂದು ಗೇಣು ದೂರ, ಒಂದು ಕ್ಷಣ. ಆ ಕ್ಷಣದಲ್ಲಿ ದವನ ಎಂಥದ್ದನ್ನೂ ಮುಚ್ಚುತ್ತದೆ. ಅವನ ಮಡಿಯನ್ನು ನಂಬಿಯೇ ನಾನು ಸುಳ್ಳು ಹೇಳಿದ್ದೆ.

ವಧುವಿನ ತಂಗಿ ಟ್ರೇನಿಂಗಿನಲ್ಲಿ ನನ್ನ ಗೆಳತಿ, ಹಾಗಾಗಿ ಆ ಮದುವೆಗೆ ನನಗೂ ಕರೆ ಬಂದಿತ್ತು. ಚಪ್ಪರದ ಬಾಗಿಲಲ್ಲಿ ಕಾಕಾ ತಾನೇ ನಿಂತು ಬಂದವರ ಮುಂಗೈಗೆ ಬೆಳ್ಳಿಯ ಕಡ್ಡಿಯಿಂದ ಅತ್ತರು ಹಚ್ಚುತ್ತಿದ್ದ. ಎಲ್ಲರೂ ವಾಹ್ ವಾಹ್ ಎಂದರು. ನಾನು ಮಾತ್ರ ಕೈ ಚಾಚಲಿಲ್ಲ. ಅಕ್ಷತೆ ಬಿದ್ದು, ಸೆಕೆ ಏರಿ, ಊಟಕ್ಕೆ ಕೂತರು. ತುತ್ತು ಎತ್ತಿದ ಕೈ ಮೂಗಿನ ಹತ್ತಿರ ಬಂತು ನೋಡಿ... ಮೊದಲ ಸಾಲಿನಲ್ಲಿ ಒಬ್ಬರು ತುತ್ತನ್ನು ಎಲೆಗೆ ಬಿಟ್ಟರು. ಪಕ್ಕದವರು ತಮ್ಮ ಕೈ ಮೂಸಿ ಮುಖ ಕಿವಿಚಿದರು. ಸುಟ್ಟ ಎಣ್ಣೆ, ಕೊಳೆತ ತೊಗಲು. ಹೋಳಿಗೆಯ ಮುಂದೆ ಕೂತವರು ಒಬ್ಬೊಬ್ಬರಾಗಿ ಎದ್ದು ಕೈ ತೊಳೆಯಲು ಓಡಿದರು. ನಾನು ಮಾತ್ರ ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು.

ಕಾಕಾ ಬೆವರುತ್ತ ನನ್ನ ಹತ್ತಿರ ಬಂದ. “ನಡೀತೈತಿ ಅಂದಿದ್ದೆಲ್ಲ ನೀ!”

“ನಡೀತಲ್ರಿ ಕಾಕಾರ, ಊಟದ ತನಕ.”

ಆ ಮುಖ ನೋಡಿದಾಗಿನ ಸುಖ ಇವತ್ತಿಗೂ ಆರಿಲ್ಲ. ನಾಚಿಕೆಯೂ ಇಲ್ಲ. ಆದರೆ ಅಲ್ಲಿಗೇ ಮುಗಿಯಲಿಲ್ಲ. ಬೀಗರು ಬಂದು ಅವನ ಅಂಗಿ ಹಿಡಿದಾಗ ಕಾಕಾ ಚಪ್ಪರದ ನಡುವೆ ನಿಂತು ಕೂಗಿದ.

“ನಂದೇನೂ ಇಲ್ರೀ! ಮುಧೋಳದ ನಾಯಿಪಟ್ಟಿ ಮಾಡಾಂವನ ಎಣ್ಣಿ ಇದು. ಎಲ್ಲಾ ಅವನ ಕೈಕೆಲಸ!”

ಅಪ್ಪ ಬೀದಿಯಲ್ಲಿ ನಿಂತು ಬೇಡಿದ ಮಾತು ಅದೇ. ಅತ್ತರು ನಾರಿದ ಮೇಲೆ ಕಾಕಾ ಅದನ್ನು ಕೊಟ್ಟ.

ಸುದ್ದಿ ರಬಕವಿ, ಬೀಳಗಿ, ಮುಧೋಳವನ್ನೆಲ್ಲ ಸುತ್ತಲು ವಾರ ಹಿಡಿಯಲಿಲ್ಲ. ನಾಯಿ ಸಾಕುವವರು ಅಪ್ಪನ ಪಟ್ಟಿಯನ್ನು ಮೂಸಿ, ನಕ್ಕು, ತಿರುಗಿ ಕೊಟ್ಟರು. ಅಪ್ಪ ಜಾಡಿಗಳನ್ನು ಸೀಗೆಪುಡಿ ಹಾಕಿ ತೊಳೆದು ಹಿತ್ತಲಲ್ಲಿ ಬೋರಲು ಹಾಕಿದ. “ಕಡೀಕೂ ನನ್ನ ಹೆಸರ ಹೇಳಿದ ನೋಡವಾ,” ಎಂದು ಒಮ್ಮೆ ಅಂದ. ಮತ್ತೆಂದೂ ಆ ಎಣ್ಣೆ ಮಾಡಲಿಲ್ಲ. ಯಾವ ಚರ್ಮವಾದರೂ ನಡೆಯುತ್ತದೆಂದು ಕಾಕಾನಿಗೆ ಹೇಳಿಕೊಟ್ಟವರು ಯಾರೆಂದು ಅಪ್ಪ ಕೇಳಲಿಲ್ಲ. ನಾನೂ ಹೇಳಲಿಲ್ಲ...

ಅತ್ತರದಂಗಡಿ ಇದ್ದಲ್ಲಿ ಈಗ ಕ್ಯಾಸೆಟ್ ಅಂಗಡಿ ಇದೆ. ಕಾಕಾ ಹೋದ ಸುದ್ದಿ ಬಂದ ದಿನ ನಾನು ತಲೆಸ್ನಾನವನ್ನೂ ಮಾಡಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ಅವನು ಎದ್ದು ಬಂದು ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ. ಮೊನ್ನೆ ಪೇಟೆಯಿಂದ ದವನ ತಂದು ಆ ಕೊರಳಪಟ್ಟಿಗೆ ತಿಕ್ಕಿ ನೋಡಿದೆ. ಒಂದು ತಾಸು ಹಸಿರು ನಿಂತಿತು, ಆಮೇಲೆ ಹಾರಿಹೋಯಿತು. ಅದನ್ನು ಹಿಡಿದು ನಿಲ್ಲಿಸುವ ಹದ ಅಪ್ಪನಿಗೆ ಗೊತ್ತಿತ್ತು. ಅಪ್ಪ ಅದನ್ನು ನನಗೆ ಕಲಿಸದೆ ಹೋದ. ಕೇಳಲು ನನಗೆ ಬಾಯಿ ಇರಲಿಲ್ಲ.